ಬಳ್ಳಿ ಹಬ್ಬಿತು, ಹೂವೆಲ್ಲಿ?

ಪ್ರಶ್ನೆ: ನಮ್ಮ ಮನೆ ಶಿಗ್ಗಾವಿಯಲ್ಲಿದೆ. ಮಳೆಗಾಲದ ಆರಂಭದಲ್ಲಿ ಅಂಗಳದ ಬೇಲಿಗುಂಟ ಕಾಮಲತೆ ಮತ್ತು ಮಾರ್ನಿಂಗ್ ಗ್ಲೋರಿ ಬೀಜ ಹಾಕಿದೆ. ಅರ್ಧದಷ್ಟೂ ಹುಟ್ಟಲಿಲ್ಲ. ಹುಟ್ಟಿದವು ಆಗಸ್ಟ್ ಮುಗಿಯುತ್ತ ಬಂದರೂ ಬರೀ ಎಲೆ. ಬೀಜ ಕಳಪೆಯೇ? ಗೊಬ್ಬರ ಹೆಚ್ಚು ಕೊಡಬೇಕೇ?

ಉತ್ತರ: ತರಕಾರಿ ಬಳ್ಳಿಯ ಬಗ್ಗೆ ಬರೆಯುವವರು ಬಹಳ, ಹೂಬಳ್ಳಿಯನ್ನು ಕೇಳುವವರು ಕಡಿಮೆ. ಕೇಳಿದ್ದು ಸಂತೋಷ. ನಿಮ್ಮ ಎರಡು ತೊಂದರೆಗಳಿಗೂ ಬಹುಶಃ ಬೀಜ ಕಾರಣವಲ್ಲ, ಗೊಬ್ಬರವಂತೂ ಪರಿಹಾರವಲ್ಲ.

ಮೊದಲು ಮೊಳಕೆಯ ವಿಚಾರ. ಈ ಬೀಜಗಳ ಸಿಪ್ಪೆ ಗಟ್ಟಿ, ನೀರು ಸುಲಭವಾಗಿ ಒಳಗಿಳಿಯುವುದಿಲ್ಲ. ಬೀಜದ ಕಣ್ಣಿರುವ ಭಾಗವನ್ನು ಬಿಟ್ಟು, ಬೆನ್ನಿನ ಕಡೆ ಉಪ್ಪುಕಾಗದದಿಂದ ಒಳಗಿನ ಬಿಳುಪು ಚೂರು ಕಾಣುವವರೆಗೆ ಉಜ್ಜಿ, ರಾತ್ರಿಯಿಡೀ ನೀರಿನಲ್ಲಿ ನೆನೆಹಾಕಿ. ಬೆಳಿಗ್ಗೆ ಉಬ್ಬಿದವನ್ನು ಬಿತ್ತಿ. ಉಬ್ಬದೆ ಹಾಗೇ ಉಳಿದವನ್ನು ಇನ್ನೊಮ್ಮೆ ಉಜ್ಜಿ ನೆನೆಸಿ. ಅರ್ಧ ಅಂಗುಲ ಆಳ ಸಾಕು. ಬೇರು ಕದಲಿದರೆ ಸೊರಗುವ ಗಿಡಗಳಾದ್ದರಿಂದ ಬಳ್ಳಿ ಹಬ್ಬಬೇಕಾದ ಜಾಗದಲ್ಲೇ, ಒಂದು ಅಡಿಗೊಂದರಂತೆ ಹಾಕಿ.

ನಿಮ್ಮದು ಎರೆಮಣ್ಣಾದರೆ ಜೋರು ಮಳೆಗೆ ನೀರು ನಿಂತು ಬೀಜ ಕೊಳೆಯುತ್ತದೆ. ಗೇಣೆತ್ತರದ ಏರುಮಡಿ ಮಾಡಿ, ಸ್ವಲ್ಪ ಮರಳು ಬೆರೆಸಿ. ಮಳೆ ಹೆಚ್ಚಿರುವ ಹಾನಗಲ್ಲಿನ ಕಡೆಯವರಿಗೂ ಇದೇ ಮಾತು. ಮಸಾರಿ ಮಣ್ಣಿನವರಿಗೆ ಈ ತೊಂದರೆ ಅಷ್ಟಾಗಿ ಇಲ್ಲ. ಬಿತ್ತಲು ಮೃಗಶಿರಾ ಮಳೆಯ ಹದ ಒಳ್ಳೆಯದು.

ಇಲ್ಲೊಂದು ಎಚ್ಚರಿಕೆ. ಕಾಮಲತೆಯ ಎಲೆ ನವಿರಾದ ಗರಿಯಂತೆ ಎಂದು ನೀವು ನೋಡಿರುತ್ತೀರಿ. ಆದರೆ ಮೊದಲು ಮೇಲೆ ಬರುವ ಎರಡು ಎಲೆ ಹಾಗಿರುವುದಿಲ್ಲ. ಪ್ರತಿಯೊಂದೂ ತುದಿಯಿಂದ ಬುಡದವರೆಗೆ ಸೀಳಿ, ಕವೆಯ ಆಕಾರದಲ್ಲಿರುತ್ತದೆ. ಕಳೆ ಎಂದು ಕಿತ್ತುಬಿಡುವವರುಂಟು. ನಿಮ್ಮಲ್ಲಿ ಹುಟ್ಟಲಿಲ್ಲ ಎನ್ನುವುದರಲ್ಲಿ ಕೆಲವು ಹೀಗೇ ಹೋಗಿರಬಹುದು.

ಇನ್ನು ಹೂವಿನ ಮಾತು. ಈ ಎರಡೂ ಹಗಲು ಕಿರಿದಾಗಿ ರಾತ್ರಿ ಉದ್ದವಾದಂತೆ ಮೊಗ್ಗಿಗೆ ತಿರುಗುವ ಜಾತಿ. ನಮ್ಮ ಜಿಲ್ಲೆಯಲ್ಲಿ ಜೂನ್ ಕೊನೆಯ ಹಗಲು ಸುಮಾರು 13 ಗಂಟೆ. ಡಿಸೆಂಬರಿನಲ್ಲಿ 11 ಗಂಟೆಗಿಂತ ಸ್ವಲ್ಪ ಹೆಚ್ಚು. ಈ ಇಳಿತವನ್ನೇ ಬಳ್ಳಿ ಗುರುತಿಸುತ್ತದೆ. ಮಾರ್ನಿಂಗ್ ಗ್ಲೋರಿಯ ಒಂದು ಜಪಾನಿ ತಳಿ ಒಂದೇ ಒಂದು ಉದ್ದನೆಯ ರಾತ್ರಿ ಸಿಕ್ಕರೂ ಮೊಗ್ಗಿಗೆ ಸಿದ್ಧವಾಗುತ್ತದೆ. ಸಸ್ಯವಿಜ್ಞಾನಿಗಳು ಅದನ್ನು ದಶಕಗಳಿಂದ ಪ್ರಯೋಗಕ್ಕೆ ಬಳಸುತ್ತಿದ್ದಾರೆ. ಬೇಲಿಯ ಪಕ್ಕ ರಾತ್ರಿಯಿಡೀ ಬೀದಿದೀಪ ಉರಿಯುತ್ತಿದ್ದರೆ ಹೂ ಇನ್ನಷ್ಟು ತಡವಾದೀತು.

ಹೂವಿಲ್ಲದ ಬಳ್ಳಿ ಹಸಿದಿದೆ ಎಂದು ಭಾವಿಸುವುದು ಸಹಜ. ಹಾಗಂತ ಯೂರಿಯಾ ಹಾಕಿದರೆ ಎಲೆಯೇ ಹೆಚ್ಚುತ್ತದೆ. ಬಿತ್ತುವಾಗ ಒಂದು ಬೊಗಸೆ ಕೊಟ್ಟಿಗೆ ಗೊಬ್ಬರ ಕೊಟ್ಟಿದ್ದರೆ ಸಾಕು. ದಿನಕ್ಕೆ ಆರು ತಾಸು ಬಿಸಿಲು ಬೀಳುವಂತೆ ನೋಡಿಕೊಂಡು ಸೆಪ್ಟೆಂಬರಿನವರೆಗೆ ಕಾಯಿರಿ. ದಸರೆ, ದೀಪಾವಳಿಯ ಹೊತ್ತಿಗೆ ಬೇಲಿ ತುಂಬುತ್ತದೆ.

ಇವುಗಳಿಗೆ ಕುಡಿತಂತು ಇಲ್ಲ, ಕಾಂಡವೇ ಸುತ್ತಿಕೊಂಡು ಏರಬೇಕು. ಬರೀ ಗೋಡೆಗೆ ಹತ್ತವು. ಹಿರೇಕೆರೂರು ಕಡೆ ಒಣಗಿದ ಹತ್ತಿಕಟ್ಟಿಗೆಗೆ ಬರವಿಲ್ಲ. ಅದರ ಕೊಂಬೆಗಳು ಕಾಮಲತೆಗೆ ಹೇಳಿಮಾಡಿಸಿದ ಆಸರೆ. ಮಾರ್ನಿಂಗ್ ಗ್ಲೋರಿಗೆ ಹಗ್ಗ ಇಳಿಬಿಡಿ. ಸವಣೂರಿನವರು ವೀಳ್ಯದೆಲೆ ಬಳ್ಳಿಯ ತುಂಡು ನೆಟ್ಟು ವರ್ಷಗಟ್ಟಲೆ ಸಾಕುತ್ತಾರೆ. ಇಲ್ಲಿ ಆ ಲೆಕ್ಕ ಬೇಡ, ಹೂ ಮುಗಿದರೆ ಬಳ್ಳಿಯೂ ಮುಗಿಯಿತು. ವರ್ಷಗಟ್ಟಲೆ ಉಳಿಯುವ ಬಳ್ಳಿ ಬೇಕಿದ್ದರೆ ಶಂಖಪುಷ್ಪ ಹಾಕಿ. ಅದರ ಬೀಜಕ್ಕೂ ಇದೇ ಉಪಚಾರ.

ಕಾಯಿ ಕಂದು ಬಣ್ಣಕ್ಕೆ ತಿರುಗಿದೊಡನೆ ಕಿತ್ತು ಕಾಗದದ ಪೊಟ್ಟಣದಲ್ಲಿಡಿ. ಮಾರ್ನಿಂಗ್ ಗ್ಲೋರಿ ಬೀಜ ವಿಷ, ಮಕ್ಕಳ ಕೈಗೆ ಸಿಗಬಾರದು. ಉದುರಿದ ಬೀಜ ಮುಂದಿನ ಮಳೆಗೆ ತಾನೇ ಹುಟ್ಟಿ ಪೈರಿಗೆ ಸುತ್ತಿಕೊಳ್ಳುವುದರಿಂದ, ಗೋವಿನಜೋಳದ ಹೊಲದ ಬದುವಿಗೆ ಮಾತ್ರ ಇವನ್ನು ಹಚ್ಚಬೇಡಿ.