ಹಲ್ಲಿನ ಕ್ಲಿಪ್ಪು, ಹಲ್ಲಿನ ಬೇರು

ಮದ್ದೂರಿನ ಒಂದು ಮನೆ ಅಂದುಕೊಳ್ಳೋಣ. ಮನೆಯಲ್ಲಿ ಮಗ್ಗ ಇದೆ. ಮಗಳಿಗೆ ಹದಿನೈದು ವರ್ಷ. ಅವಳ ಮೇಲಿನ ಎರಡು ಹಲ್ಲುಗಳ ನಡುವೆ ಸಂದು ಇದೆ.

"ಯವ್ವಾ, ಎರಡೂ ಹಲ್ಲಿಗೆ ಸಣ್ಣ ರಬ್ಬರ್ ಸುತ್ತಿದ್ರ ಸಂದು ಕೂಡ್ತದಂತ. ನಮ್ಮ ಗೆಳತಿ ಹೇಳ್ಯಾಳ. ರೊಕ್ಕಾನೂ ಬೇಕಾಗಿಲ್ಲ."

"ತಡಿಯವ್ವಾ, ರಾತ್ರಿ ಶಾಲಿ ಅಕ್ಕಾರನ್ನ ಕೇಳೋಣ."

ಅಕ್ಕ ಹೇಳಿದ್ದು ಇಷ್ಟು. ರಬ್ಬರ್ ಸುತ್ತಿದರೆ ಸಂದು ಕೂಡುವುದು ನಿಜ. ಅದಕ್ಕೇ ಜನ ನಂಬುತ್ತಾರೆ. ಆದರೆ ಹಲ್ಲು ಬೇರಿನ ಕಡೆಗೆ ಸಣ್ಣಗಾಗುತ್ತಾ ಹೋಗುತ್ತದೆ. ರಬ್ಬರ್ ಜಾರಿ ವಸಡಿನ ಒಳಗೆ ಹೋಗುತ್ತದೆ. ಹೊರಗೆ ಕಾಣುವುದಿಲ್ಲ. ಬಿದ್ದುಹೋಯಿತು ಅಂತ ತಿಳಿಯುತ್ತೇವೆ. ಒಳಗೆ ಅದು ಬೇರಿನ ಸುತ್ತಲಿನ ಎಲುಬನ್ನು ಹಾಳು ಮಾಡುತ್ತದೆ. ಕೊನೆಗೆ ಗಟ್ಟಿ ಇದ್ದ ಹಲ್ಲುಗಳೇ ಅಲುಗಾಡಿ ಬೀಳಬಹುದು.

ಹಾಗಾದರೆ ಡಾಕ್ಟರ್ ಹಾಕುವ ಕ್ಲಿಪ್ಪು ಏನು ಮಾಡುತ್ತದೆ?

ಹಲ್ಲಿನ ಬೇರು ದವಡೆಯ ಎಲುಬಿನಲ್ಲಿ ಕೂತಿದೆ. ಎರಡರ ನಡುವೆ ನೂಲಿನಂಥ ನಾರುಗಳಿವೆ. ತಂತಿ ಹಲ್ಲನ್ನು ಮೆಲ್ಲಗೆ ಒತ್ತುತ್ತದೆ. ಒತ್ತಿದ ಕಡೆ ಎಲುಬು ಕರಗುತ್ತದೆ. ಹಿಂದಿನ ಕಡೆ ಹೊಸ ಎಲುಬು ಬೆಳೆಯುತ್ತದೆ. ಹೀಗೆ ಹಲ್ಲು ತಿಂಗಳಿಗೆ ಸುಮಾರು 1 ಮಿ.ಮೀ. ಸರಿಯುತ್ತದೆ. ಅದಕ್ಕೇ ಒಂದೂವರೆ, ಎರಡು ವರ್ಷ ಬೇಕು. ಹಾಸಿನ ನೂಲನ್ನು ಬಿರುಸಾಗಿ ಎಳೆದರೆ ಏನಾಗುತ್ತದೆ, ಮಗ್ಗದವರಿಗೆ ಹೇಳಬೇಕೇ? ಒತ್ತಡ ಹೆಚ್ಚಾದರೆ ಎಲುಬಿನ ಜೊತೆ ಬೇರಿನ ತುದಿಯೂ ಕರಗುತ್ತದೆ. ಎಲುಬು ಮತ್ತೆ ಬೆಳೆಯುತ್ತದೆ, ಮೊಟಕಾದ ಬೇರು ಬೆಳೆಯುವುದಿಲ್ಲ.

ಅಮೆರಿಕದ ದಂತವೈದ್ಯ ಆಲ್ಬರ್ಟ್ ಕೆಚಮ್ 1927ರಲ್ಲೇ ಎಕ್ಸ್-ರೇ ತೆಗೆದು ಇದನ್ನು ತೋರಿಸಿದರು. ಹೆದರಬೇಡಿ. ಬಹಳ ಜನರಿಗೆ ಬೇರು ಒಂದೆರಡು ಮಿ.ಮೀ. ಒಳಗೇ ಮೊಟಕಾಗುತ್ತದೆ, ಹಲ್ಲಿಗೆ ತೊಂದರೆ ಇಲ್ಲ. ನೂರರಲ್ಲಿ ಕೆಲವರಿಗೆ ಮಾತ್ರ ಹೆಚ್ಚಾಗುತ್ತದೆ.

"ಯಾವ ಕ್ಲಿಪ್ಪು ಚಲೋ ಅಕ್ಕಾರೆ? ಉಕ್ಕಿಂದೋ, ಬಿಳೀದೋ?"

ಬಣ್ಣದಿಂದ ಬೇರಿಗೆ ಲಾಭವಿಲ್ಲ. ಉಕ್ಕಿನದಾಗಲಿ, ಹಲ್ಲಿನ ಬಣ್ಣದ ಸೆರಾಮಿಕ್ ಆಗಲಿ, ಕೆಲಸ ಒಂದೇ. ತೆಗೆದು ಹಾಕುವ ಪ್ಲೇಟು ಹಲ್ಲನ್ನು ವಾಲಿಸುತ್ತದೆ, ಬೇರುಸಹಿತ ಸರಿಸುವುದು ಅದಕ್ಕೆ ಕಷ್ಟ. ಅಲೈನರ್ ಎಂಬ ಪಾರದರ್ಶಕ ಅಚ್ಚಿನಲ್ಲಿ ಬೇರು ಸ್ವಲ್ಪ ಕಡಿಮೆ ಕರಗುತ್ತದೆ ಎಂದು ಕೆಲವು ಅಧ್ಯಯನಗಳು ಹೇಳುತ್ತವೆ. ಬೆಲೆ ಮಾತ್ರ ಹೆಚ್ಚು! ಎಷ್ಟು ಒತ್ತಡ, ಎಷ್ಟು ದಿನ, ಯಾರ ಕೈ ಎಂಬುದೇ ಮುಖ್ಯ.

ಕ್ಲಿಪ್ಪು ಹಾಕುವ ಮೊದಲು ಎಕ್ಸ್-ರೇ ಬೇಕು. ನಡುವೆ ಇನ್ನೊಮ್ಮೆ ತೆಗೆದರೆ ಬೇರು ಹೇಗಿದೆ ಎಂದು ತಿಳಿಯುತ್ತದೆ. ಹೇಳಿದ ದಿನ ತಪ್ಪದೆ ಹೋಗಬೇಕು. ಸುಗ್ಗಿ ಬಂತು, ಮದುವೆ ಬಂತು ಅಂತ ತಂತಿಯನ್ನು ಹಾಗೇ ಬಿಡಬಾರದು. ವಸಡಿನಲ್ಲಿ ರಕ್ತ, ಕೀವು ಇದ್ದರೆ ಮೊದಲು ಅದು ವಾಸಿಯಾಗಬೇಕು. ಇಲ್ಲದಿದ್ದರೆ ಎಲುಬು ಬೇಗ ಸವೆಯುತ್ತದೆ. ಕ್ಲಿಪ್ಪು ತೆಗೆದ ಮೇಲೂ ರಿಟೇನರ್ ಹಾಕಬೇಕು, ಹೊಸ ಎಲುಬು ಗಟ್ಟಿಯಾಗುವ ತನಕ ಹಲ್ಲು ಹಿಂದಕ್ಕೆ ಓಡುತ್ತದೆ.

ರಾಯಚೂರಿನಲ್ಲಿ ದಂತ ಕಾಲೇಜುಗಳಿವೆ. ಹೈದರಾಬಾದಿನಲ್ಲಿ ಸರ್ಕಾರಿ ದಂತ ಕಾಲೇಜು ಇದೆ. "ಹಲ್ಲು ಸಾಲು ಮಾಡೋ ಡಾಕ್ಟರ್ ಯಾರ್ರೀ?" ಅಂತ ಕೇಳಿದರೆ ತೋರಿಸುತ್ತಾರೆ.

ಮಗಳು ಜಡೆಯ ರಬ್ಬರನ್ನು ಜಡೆಗೇ ಹಾಕಿಕೊಂಡಳು.

ಓದಿ, ಹೇಳಿ: ರಬ್ಬರ್ ಎಲ್ಲಿಗೆ ಜಾರುತ್ತದೆ? ಮತ್ತೆ ಬೆಳೆಯುವುದು ಯಾವುದು, ಬೆಳೆಯದೆ ಇರುವುದು ಯಾವುದು?