ಇಲ್ಲಿ ಮೂಡಣ ಗಾಳಿ, ಅಲ್ಲಿ ಮರುಭೂಮಿಯ ಗಾಳಿ: ಬೇಸಿಗೆಯ ಮುನ್ಸೂಚನೆಯನ್ನು ಓದುವುದು ಹೇಗೆ?

ಮಾರ್ಚ್ ಬಂತೆಂದರೆ ಕೊಕ್ಕರ್ಣೆಯ ಆಸುಪಾಸಿನಲ್ಲಿ ಸೀತಾನದಿಯ ನೀರು ತಳ ಕಾಣತೊಡಗುತ್ತದೆ. ಬಾವಿಯ ಹಗ್ಗಕ್ಕೆ ಇನ್ನೊಂದು ಮಾರು ಸೇರಿಸಬೇಕಾಗುತ್ತದೆ. ಅದೇ ಹೊತ್ತಿಗೆ ದಮ್ಮಾಮ್, ದುಬೈ, ಮಸ್ಕತ್‌ಗಳಿಂದ ಬರುವ ಫೋನಿನಲ್ಲೂ ಸೆಕೆಯ ಮಾತು ಶುರುವಾಗುತ್ತದೆ. ನಮ್ಮಲ್ಲಿ ಅನೇಕ ಕುಟುಂಬಗಳ ಬೇಸಿಗೆ ಎರಡು ಕರಾವಳಿಗಳಲ್ಲಿ ಹಂಚಿಹೋಗಿದೆ. ತಾಯಿ, ಹೆಂಡತಿ, ಮಕ್ಕಳು ಈ ದಡದಲ್ಲಿ. ದುಡಿಯುವ ಮಗ, ಗಂಡ ಆ ದಡದಲ್ಲಿ. ಆದ್ದರಿಂದ ಎರಡೂ ಕಡೆಯ ಹವಾಮಾನವನ್ನು ಅರ್ಥ ಮಾಡಿಕೊಳ್ಳುವುದು ನಮಗೆ ಜೀವ ಉಳಿಸುವ ವಿದ್ಯೆ.

ಸಂಖ್ಯೆ ಒಂದೇ, ಸೆಕೆ ಬೇರೆ

ಕಲಬುರಗಿಯಲ್ಲಿ 40 ಡಿಗ್ರಿ ಬಿಸಿಲಿದ್ದರೆ ಜನ ಅಚ್ಚರಿಪಡುವುದಿಲ್ಲ. ನಮ್ಮಲ್ಲಿ 35 ಆದರೆ ಉಸಿರು ಕಟ್ಟಿದಂತಾಗುತ್ತದೆ. ಏಕೆ? ನಮ್ಮ ದೇಹ ತಣ್ಣಗಾಗುವುದು ಬೆವರು ಬರುವುದರಿಂದಲ್ಲ, ಬಂದ ಬೆವರು ಆರುವುದರಿಂದ. ಕರಾವಳಿಯ ಗಾಳಿಯಲ್ಲಿ ಮೊದಲೇ ತೇವ ತುಂಬಿರುವಾಗ ಬೆವರು ಆರದೆ ಸುಮ್ಮನೆ ಸುರಿಯುತ್ತದೆ. ನೀರೂ ಉಪ್ಪೂ ನಷ್ಟವಾಗುತ್ತವೆ, ಮೈ ಮಾತ್ರ ತಣಿಯುವುದಿಲ್ಲ.

ಇದರ ತುತ್ತತುದಿಯನ್ನು ಕೊಲ್ಲಿ ಕಂಡಿದೆ. ಗಾಳಿಯ ತೇವ ನೀರಹನಿಯಾಗಲು ಗಾಳಿ ಎಷ್ಟು ಡಿಗ್ರಿಗೆ ತಣಿಯಬೇಕೋ ಅದನ್ನು ಇಬ್ಬನಿ ಬಿಂದು ಎನ್ನುತ್ತಾರೆ. ಮೇ ತಿಂಗಳ ನಮ್ಮ ಕರಾವಳಿಯಲ್ಲಿ ಅದು ಸುಮಾರು 25 ಡಿಗ್ರಿ. 2003ರ ಜುಲೈ 8ರಂದು ಸೌದಿಯ ಪೂರ್ವ ಕರಾವಳಿಯ ದಹ್ರಾನ್‌ನಲ್ಲಿ ಅದು 35 ಡಿಗ್ರಿ ಮುಟ್ಟಿತ್ತು. ನಮ್ಮ ಚರ್ಮದ ಬಿಸಿಯೂ ಹೆಚ್ಚುಕಡಿಮೆ ಅಷ್ಟೇ. ಅಂಥ ಗಾಳಿಯಲ್ಲಿ ಬೆವರು ಆರುವ ದಾರಿಯೇ ಇರುವುದಿಲ್ಲ.

ಒಳನಾಡಿನ ಮರುಭೂಮಿಯ ಅಪಾಯ ಬೇರೆ ಬಗೆಯದು. ರಿಯಾದ್‌ನಂಥ ಒಣ ಊರಿನಲ್ಲಿ ಬೆವರು ಬಂದ ಕೂಡಲೇ ಆರಿಹೋಗುತ್ತದೆ. ಅಂಗಿ ಒದ್ದೆಯಾಗದ ಕಾರಣ ತಾನು ಬೆವರಿಲ್ಲ ಎಂದು ದುಡಿಯುವವನು ಭಾವಿಸುತ್ತಾನೆ. ಅಷ್ಟರಲ್ಲಿ ಮೈಯ ನೀರು ಲೀಟರುಗಟ್ಟಲೆ ಹೋಗಿರುತ್ತದೆ.

ಬೆಟ್ಟ ಇಳಿದು ಬರುವ ಗಾಳಿ

ಬೇಸಿಗೆಯ ಆರಂಭದಲ್ಲಿ, ಅಂದರೆ ಫೆಬ್ರವರಿ ಕೊನೆ ಮತ್ತು ಮಾರ್ಚ್‌ನಲ್ಲಿ, ನಮ್ಮ ಕರಾವಳಿಯಲ್ಲಿ ಕೆಲವು ದಿನ ಒಮ್ಮೆಲೇ ಬಿಸಿ ಏರುತ್ತದೆ. ಸಾಮಾನ್ಯವಾಗಿ ಮಧ್ಯಾಹ್ನದ ಹೊತ್ತಿಗೆ ಬೀಸುವ ಕಡಲಗಾಳಿ ನಮ್ಮನ್ನು ಕಾಪಾಡುತ್ತದೆ. ಆದರೆ ಘಟ್ಟದ ಮೇಲಿನಿಂದ ಮೂಡಣ ಗಾಳಿ ಬಲವಾಗಿ ಬೀಸಿದ ದಿನ ಕಡಲಗಾಳಿ ಒಳಬರಲು ತಡವಾಗುತ್ತದೆ. ಮೇಲಿನಿಂದ ಇಳಿಯುವ ಒಣ ಗಾಳಿ ಪ್ರತಿ ಸಾವಿರ ಮೀಟರಿಗೆ ಸುಮಾರು 10 ಡಿಗ್ರಿಯಷ್ಟು ಬಿಸಿಯಾಗುತ್ತದೆ. ಆಗುಂಬೆಯ ಎತ್ತರದಿಂದ ಹೆಬ್ರಿಯ ಕಡೆಗೆ ಇಳಿಯುವ ಗಾಳಿ ಇಳಿಯುವಾಗಲೇ ಐದಾರು ಡಿಗ್ರಿ ಗಳಿಸಿಕೊಳ್ಳುತ್ತದೆ. 2025ರ ಫೆಬ್ರವರಿ ಕೊನೆಯ ವಾರದಲ್ಲಿ ಭಾರತೀಯ ಹವಾಮಾನ ಇಲಾಖೆ ಕರ್ನಾಟಕದ ಕರಾವಳಿಗೆ ಬಿಸಿಗಾಳಿಯ ಎಚ್ಚರಿಕೆ ನೀಡಿತ್ತು. ದೇಶದ ಸರಾಸರಿ ಉಷ್ಣಾಂಶದ ಲೆಕ್ಕದಲ್ಲಿ 1901ರಿಂದೀಚೆಗೆ ಅಷ್ಟು ಬಿಸಿಯಾದ ಫೆಬ್ರವರಿ ಬೇರೊಂದಿರಲಿಲ್ಲ.

ಒಮಾನ್‌ನ ಕರಾವಳಿಯಲ್ಲೂ ಇದೇ ಕಥೆ, ಇನ್ನೂ ಉಗ್ರವಾಗಿ. ಅಲ್ಲಿ ಮರುಭೂಮಿಯ ಗಾಳಿ ಹಜರ್ ಪರ್ವತಗಳನ್ನು ದಾಟಿ ಕಡಲಿನತ್ತ ಇಳಿಯುತ್ತದೆ. 2018ರ ಜೂನ್ 26ರಂದು ಮೀನುಗಾರರ ಊರಾದ ಕುರಿಯಾತ್‌ನಲ್ಲಿ ರಾತ್ರಿ ಕೂಡ ಉಷ್ಣಾಂಶ 42.6 ಡಿಗ್ರಿಗಿಂತ ಕೆಳಗಿಳಿಯಲಿಲ್ಲ. ಹಗಲಿನ ಬಿಸಿಗಿಂತಲೂ ಇಂಥ ರಾತ್ರಿ ಅಪಾಯಕಾರಿ. ಏಕೆಂದರೆ ದೇಹ ಸುಧಾರಿಸಿಕೊಳ್ಳುವುದು ರಾತ್ರಿಯಲ್ಲೇ.

ಮುನ್ಸೂಚನೆಯಲ್ಲಿ ಏನು ನೋಡಬೇಕು?

ಕರಾವಳಿಯಲ್ಲಿ ಗರಿಷ್ಠ ಉಷ್ಣಾಂಶ 37 ಡಿಗ್ರಿ ಮುಟ್ಟಿ, ಅದು ವಾಡಿಕೆಗಿಂತ 4.5 ಡಿಗ್ರಿಯಷ್ಟು ಅಥವಾ ಹೆಚ್ಚು ಏರಿದ್ದರೆ ಹವಾಮಾನ ಇಲಾಖೆ ಅದನ್ನು ಬಿಸಿಗಾಳಿ ಎಂದು ಪರಿಗಣಿಸುತ್ತದೆ. ಬಯಲುಸೀಮೆಗೆ ಈ ಮಿತಿ 40. ಇಲಾಖೆಯ ‘ಮೌಸಮ್’ ಆ್ಯಪ್‌ನಲ್ಲಿ ನಿಮ್ಮ ಜಿಲ್ಲೆಯ ಬಣ್ಣ ನೋಡಿ. ಹಳದಿ ಎಂದರೆ ಗಮನವಿಡಿ, ಕಿತ್ತಳೆ ಎಂದರೆ ಸಿದ್ಧರಾಗಿ, ಕೆಂಪು ಎಂದರೆ ಕೂಡಲೇ ಎಚ್ಚರ ವಹಿಸಿ.

ಗರಿಷ್ಠ ಉಷ್ಣಾಂಶವನ್ನಷ್ಟೇ ನೋಡಿ ಬಿಡಬೇಡಿ. ಗಾಳಿಯ ತೇವಾಂಶ, ರಾತ್ರಿಯ ಕನಿಷ್ಠ ಉಷ್ಣಾಂಶ, ಗಾಳಿಯ ದಿಕ್ಕು ಈ ಮೂರನ್ನೂ ನೋಡಿ. ಅಲ್ಲಿ ತಿಳಿಸುವ ಉಷ್ಣಾಂಶ ನೆರಳಿನಲ್ಲಿ ಅಳೆದದ್ದು. ಅಂಗಳದ ಬಿಸಿಲಿನಲ್ಲಿ, ಶೀಟ್ ಹೊದಿಸಿದ ಮಾಡಿನ ಕೆಳಗೆ ಮೈಗೆ ತಗಲುವ ಬಿಸಿ ಅದಕ್ಕಿಂತ ಹೆಚ್ಚು.

ಕೊಲ್ಲಿಯಲ್ಲಿ ಜೂನ್, ಜುಲೈ ತಿಂಗಳಲ್ಲಿ ವಾಯವ್ಯದಿಂದ ‘ಶಮಾಲ್’ ಬೀಸುತ್ತದೆ. ಅದು ಧೂಳು ತರುತ್ತದೆ, ಆದರೆ ತೇವ ಕಡಿಮೆ ಮಾಡುತ್ತದೆ. ಉಬ್ಬಸ ಇರುವವರಿಗೆ ಆ ದಿನಗಳು ಕಷ್ಟ. ಮಾಸ್ಕ್ ಮತ್ತು ಇನ್‌ಹೇಲರ್ ಜೊತೆಯಲ್ಲಿರಲಿ. ಶಮಾಲ್ ನಿಂತು ಕಡಲ ಕಡೆಯ ಗಾಳಿ ತಿರುಗಿದಾಗ ತೇವದ ಸೆಕೆ ಏರುತ್ತದೆ. ನಮಗೆ ಜೂನ್ ಮೊದಲ ವಾರದಲ್ಲಿ ಮಳೆಯ ಬಿಡುಗಡೆ ಸಿಗುವಾಗ ಅವರಿಗೆ ಕಷ್ಟದ ಕಾಲ ಆರಂಭವಾಗುತ್ತದೆ ಎಂಬುದನ್ನು ಮರೆಯದಿರಿ.

ಬಳಲಿಕೆಯೋ, ಉಷ್ಣಾಘಾತವೋ?

ಮೊದಲ ಹಂತ ಬಳಲಿಕೆ. ತಲೆಸುತ್ತು, ತಲೆನೋವು, ವಾಕರಿಕೆ, ಕಾಲಿನ ಸ್ನಾಯು ಹಿಡಿತ, ವಿಪರೀತ ಬೆವರು ಇದರ ಲಕ್ಷಣಗಳು. ಕೆಲಸ ನಿಲ್ಲಿಸಿ, ನೆರಳಿಗೆ ಬಂದು, ಬಟ್ಟೆ ಸಡಿಲಿಸಿ, ಉಪ್ಪು ಸಕ್ಕರೆ ಬೆರೆಸಿದ ನೀರನ್ನು ಗುಟುಕು ಗುಟುಕಾಗಿ ಕುಡಿದರೆ ಸಾಮಾನ್ಯವಾಗಿ ಸುಧಾರಿಸುತ್ತದೆ. ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪಿನ ಅಳತೆ ಮೀರಬಾರದು.

ಎರಡನೆಯ ಹಂತ ಉಷ್ಣಾಘಾತ. ಮೈಯ ಬಿಸಿ 40 ಡಿಗ್ರಿ ದಾಟುತ್ತದೆ. ಮಾತು ತೊದಲುತ್ತದೆ, ಗೊಂದಲ ಕಾಣುತ್ತದೆ, ಫಿಟ್ಸ್ ಬರಬಹುದು, ಪ್ರಜ್ಞೆ ತಪ್ಪಬಹುದು. ಚರ್ಮ ಒಣಗಿಯೇ ಇರಬೇಕೆಂದಿಲ್ಲ. ದುಡಿಯುತ್ತಿದ್ದವನ ಮೈ ಬೆವರಿನಿಂದ ಒದ್ದೆಯಾಗಿಯೂ ಇರಬಹುದು. ತಡಮಾಡಿದರೆ ಪ್ರಾಣಕ್ಕೇ ಕುತ್ತು. ನಮ್ಮಲ್ಲಿ 108, ಸೌದಿಯಲ್ಲಿ 997, ಯುಎಇಯಲ್ಲಿ 998, ಒಮಾನ್‌ನಲ್ಲಿ 9999ಕ್ಕೆ ಕರೆ ಮಾಡಿ. ಆಂಬುಲೆನ್ಸ್ ಬರುವವರೆಗೆ ಕೈಕಟ್ಟಿ ಕೂರಬೇಡಿ. ಮೈಯೆಲ್ಲ ನೀರು ಸುರಿದು ಗಾಳಿ ಬೀಸಿ. ಕುತ್ತಿಗೆ, ಕಂಕುಳು, ತೊಡೆಸಂದಿಯಲ್ಲಿ ಮಂಜುಗಡ್ಡೆ ಅಥವಾ ತಣ್ಣೀರಿನ ಬಟ್ಟೆ ಇಡಿ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬೇಡಿ. ಜ್ವರದ ಮಾತ್ರೆಯಿಂದ ಈ ಬಿಸಿ ಇಳಿಯುವುದಿಲ್ಲ.

ದುಡಿಯುವವರು, ಯಾತ್ರಿಕರು

ದೇಹ ಬಿಸಿಗೆ ಒಗ್ಗಲು ಒಂದೆರಡು ವಾರ ಬೇಕು. ಹೊಸದಾಗಿ ಹೋದವರಿಗೂ ರಜೆ ಮುಗಿಸಿ ಮರಳಿದವರಿಗೂ ಮೊದಲ ದಿನಗಳೇ ಹೆಚ್ಚು ಅಪಾಯದವು. ಊರಿನ ಮಳೆಯಲ್ಲಿ ಎರಡು ತಿಂಗಳು ಕಳೆದು ಜುಲೈನಲ್ಲಿ ವಾಪಸಾಗುವವರು ಇದನ್ನು ವಿಶೇಷವಾಗಿ ಗಮನಿಸಬೇಕು.

ಬಯಲಲ್ಲಿ ದುಡಿಯುವವರಿಗೆ ಮಧ್ಯಾಹ್ನದ ವಿರಾಮ ಅಲ್ಲಿಯ ಕಾನೂನು ಕೊಟ್ಟ ಹಕ್ಕು. ಒಮಾನ್‌ನಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ 12.30ರಿಂದ 3.30, ಸೌದಿಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ 12ರಿಂದ 3, ಯುಎಇಯಲ್ಲಿ ಅದೇ ಅವಧಿಯಲ್ಲಿ 12.30ರಿಂದ 3 ಗಂಟೆವರೆಗೆ ನೇರ ಬಿಸಿಲಿನಲ್ಲಿ ದುಡಿಸುವಂತಿಲ್ಲ.

2024ರ ಹಜ್ ಜೂನ್ ಮಧ್ಯದಲ್ಲಿ ಬಂದಿತ್ತು. ಜೂನ್ 17ರಂದು ಮಸ್ಜಿದುಲ್ ಹರಾಮ್‌ನಲ್ಲಿ 51.8 ಡಿಗ್ರಿ ದಾಖಲಾಯಿತು. 1,301 ಮಂದಿ ಮೃತಪಟ್ಟರೆಂದು ಸೌದಿ ಸರಕಾರ ಪ್ರಕಟಿಸಿತು. ಅವರಲ್ಲಿ ಶೇ. 83ರಷ್ಟು ಮಂದಿ ಪರವಾನಗಿ ಇಲ್ಲದೆ ಹೋಗಿ, ನೆರಳಾಗಲಿ ವಿಶ್ರಾಂತಿಯ ತಾಣವಾಗಲಿ ಇಲ್ಲದೆ ಬಿಸಿಲಲ್ಲಿ ದೂರ ನಡೆದವರು. ಹಿರಿಯರನ್ನು ಹಜ್‌ಗೆ ಕಳುಹಿಸುವಾಗ ಕೊಡೆ, ಒಆರ್‌ಎಸ್ ಪೊಟ್ಟಣ, ಔಷಧಿಯ ಚೀಟಿ ಜೊತೆಯಲ್ಲಿರಲಿ. ಅಡ್ಡದಾರಿಯ ಯಾತ್ರೆ ಬೇಡವೇ ಬೇಡ.

ಕಡು ಬಿಸಿಲಿನಲ್ಲಿ ಲುಹ್ರ್ ನಮಾಝನ್ನು ಸ್ವಲ್ಪ ತಂಪಾಗುವವರೆಗೆ ತಡಮಾಡಲು ಪ್ರವಾದಿವರ್ಯರು(ಸ) ಹೇಳಿದ್ದು ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿದೆ. ಆರಾಧನೆಯಲ್ಲೇ ಬಿಸಿಲಿಗೆ ಇಷ್ಟು ಅವಕಾಶ ನೀಡಿದ ಧರ್ಮದಲ್ಲಿ, ಬಿಸಿಲಿಗಿಳಿದು ಮೈಯನ್ನು ದಂಡಿಸುವುದು ಶೌರ್ಯವಾಗುವುದಿಲ್ಲ.

ಮನೆಯ ನೀರು, ಮೈಯ ಶುಚಿ

ಬಾವಿಯ ನೀರು ತಳಕ್ಕಿಳಿದಾಗ ಕೊಳೆಯೂ ದಪ್ಪವಾಗುತ್ತದೆ. ಕಾಮಾಲೆ, ಟೈಫಾಯ್ಡ್, ಭೇದಿ ಬೇಸಿಗೆಯಲ್ಲಿ ಹೆಚ್ಚುವುದು ಇದರಿಂದಲೇ. ಕುಡಿಯುವ ನೀರನ್ನು ಚೆನ್ನಾಗಿ ಕುದಿಸಿ, ಮುಚ್ಚಿಡಿ. ರಾತ್ರಿ ಪಾತ್ರೆಗಳನ್ನು ಮುಚ್ಚಿಡಬೇಕೆಂಬುದು ಪ್ರವಾದಿ(ಸ) ಕಲಿಸಿದ ಪಾಠವೂ ಹೌದು. ಸುಮಾರು ಒಂದು ಬೊಗಸೆಯಷ್ಟಾಗುವ ಒಂದು ‘ಮುದ್ದ್’ ನೀರಿನಲ್ಲಿ ಅವರು ವುಝೂ ಮುಗಿಸುತ್ತಿದ್ದರು. ನಲ್ಲಿ ತೆರೆದಿಟ್ಟು ವುಝೂ ಮಾಡುವ ನಾವು ಅದನ್ನು ನೆನಪಿಸಿಕೊಳ್ಳಬೇಕು.

ಬೆವರಿದ ಬಟ್ಟೆಯಲ್ಲೇ ದಿನವಿಡೀ ಇದ್ದರೆ ಬೆವರುಸಾಲೆಯೂ ತೊಡೆಸಂದಿಯ ಹುಳುಕಡ್ಡಿಯೂ ಹುಟ್ಟುತ್ತವೆ. ಎರಡು ಹೊತ್ತು ಸ್ನಾನ, ಚೆನ್ನಾಗಿ ಒರೆಸಿದ ಮೈ, ಒಗೆದು ಬಿಸಿಲಲ್ಲಿ ಒಣಗಿಸಿದ ಹತ್ತಿಯ ಒಳಬಟ್ಟೆ, ತೆಳುವಾದ ಬಟ್ಟೆಯ ಬುರ್ಖಾ ಒಳ್ಳೆಯದು. ಹುಳುಕಡ್ಡಿಗೆ ಔಷಧಿ ಅಂಗಡಿಯಲ್ಲಿ ಸಿಕ್ಕ ಕ್ರೀಮ್ ಹಚ್ಚದೆ ವೈದ್ಯರಿಗೆ ತೋರಿಸಿ.

ಮಜ್ಜಿಗೆ, ಗಂಜಿ ತಿಳಿ, ಎಳನೀರು, ಪುನರ್ಪುಳಿ ಶರಬತ್ತು ಮನೆಯಲ್ಲೇ ಸಿಗುವ ಔಷಧಗಳು. ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ, ರಕ್ತದೊತ್ತಡ ಇರುವವರು ಎಷ್ಟು ಕುಡಿಯಬೇಕು, ಮಾತ್ರೆಯ ಪ್ರಮಾಣ ಬದಲಿಸಬೇಕೇ ಎಂದು ಬೇಸಿಗೆ ಏರುವ ಮೊದಲೇ ವೈದ್ಯರನ್ನು ಕೇಳಿ. ಒಬ್ಬರೇ ಇರುವ ಹಿರಿಯರ ಮನೆಗೆ ಅಸರ್‌ನ ಹೊತ್ತಿಗೆ ಒಮ್ಮೆ ಹೋಗಿ ಬನ್ನಿ.

ಫೋನಿನಲ್ಲಿ ಕೇಳಬೇಕಾದ ಪ್ರಶ್ನೆ

ದೂರದ ಮಗನಿಗೆ ತಾಯಿ ದಿನವೂ ಕೇಳುವುದು ‘ಊಟ ಆಯ್ತಾ?’ ಅವನು ಕೊಡುವ ಉತ್ತರ ‘ಆಯ್ತಮ್ಮ, ನಾನು ಚೆನ್ನಾಗಿದ್ದೇನೆ.’ ಈ ಬೇಸಿಗೆಯಲ್ಲಿ ಇನ್ನೂ ಮೂರು ಪ್ರಶ್ನೆ ಸೇರಿಸಿ. ಇವತ್ತು ಮೂತ್ರದ ಬಣ್ಣ ಹೇಗಿತ್ತು? ರಾತ್ರಿ ಮಲಗುವ ಕೋಣೆ ತಂಪಾಗಿದೆಯೇ? ಮಧ್ಯಾಹ್ನದ ವಿರಾಮ ಕೊಡುತ್ತಾರೆಯೇ? ಮೂತ್ರ ತಿಳಿಹಳದಿಯಾಗಿದ್ದರೆ ಸರಿ. ಗಾಢ ಹಳದಿಯಾದರೆ ನೀರು ಸಾಲದು. ಚಹಾದ ಬಣ್ಣಕ್ಕೆ ತಿರುಗಿದರೆ ಅಂದೇ ವೈದ್ಯರ ಬಳಿ ಹೋಗಬೇಕು. ವರ್ಷಗಟ್ಟಲೆ ನೀರು ಸಾಲದೆ ದುಡಿದರೆ ಕಿಡ್ನಿಗೆ ಹಾನಿಯಾಗುತ್ತದೆ. ಅದು ಗೊತ್ತಾಗುವುದು ತಡವಾಗಿ.

ಈ ಪ್ರಶ್ನೆಗಳನ್ನು ಕೇಳಲು ಸಂಕೋಚಪಡಬೇಡಿ. ಮನೆಗೆ ಬರುವ ಹಣಕ್ಕಿಂತ ಅದನ್ನು ಕಳುಹಿಸುವ ಜೀವ ದೊಡ್ಡದು. ದೇಹ ನಮ್ಮ ಬಳಿ ಇರುವ ಅಲ್ಲಾಹನ ಅಮಾನತ್ತು. ಎರಡೂ ದಡಗಳಲ್ಲಿ ಅದನ್ನು ಜೋಪಾನ ಮಾಡೋಣ.