ಅಗ್ಗದ ಲ್ಯಾಪ್‌ಟಾಪೂ ಗಣಕದ ಆಟಗಳೂ
(ದ್ವಿತೀಯ ಬಿ.ಎ. ವಿದ್ಯಾರ್ಥಿ)

ಆಟವೆಂದರೆ ಯಾರಿಗೆ ಬೇಡ? ಬುಗುರಿ, ಚಿಣ್ಣಿಕೋಲುಗಳು ಹಿಂದೆ ಸರಿದು ಇಂದು ಗಣಕಯಂತ್ರದ ಆಟಗಳು ವಿದ್ಯಾರ್ಥಿಗಳ ಮನಸ್ಸನ್ನು ಸೆಳೆದಿವೆ. ಇವನ್ನು ಆಡುವುದು ಸರಿಯೋ ತಪ್ಪೋ ಎಂಬ ಚರ್ಚೆ ಈ ಲೇಖನದ ವಿಷಯವಲ್ಲ. ಕೈಯಲ್ಲಿರುವ ಅಗ್ಗದ ಲ್ಯಾಪ್‌ಟಾಪಿನಿಂದ ಹೆಚ್ಚಿನ ಕೆಲಸವನ್ನು ಪಡೆಯುವುದು ಹೇಗೆಂಬುದಷ್ಟೇ ಇಲ್ಲಿನ ಪ್ರಶ್ನೆ.

ಕಳೆದ ವರ್ಷ ನಮ್ಮ ತಂದೆಯವರು ಶೇಂಗಾ ಮಾರಿದ ಹಣದಲ್ಲಿ ನನಗೊಂದು ಲ್ಯಾಪ್‌ಟಾಪನ್ನು ಕೊಡಿಸಿದರು. ಆಟ ಆರಂಭಿಸಿದ ಹತ್ತು ನಿಮಿಷಗಳಲ್ಲಿ ಅದು ತೂಕಡಿಸತೊಡಗುತ್ತಿತ್ತು. ಮಾರಿ ಬೇರೆಯದನ್ನು ಕೊಳ್ಳೆಂದು ಮಿತ್ರರು ಸಲಹೆಯಿತ್ತರು. ಮನೆಗೆ ಫೋನು ಮಾಡಿ ಮತ್ತೆ ಹಣ ಕೇಳಲು ನನಗೆ ಧೈರ್ಯವಾಗಲಿಲ್ಲ. ಆದುದರಿಂದ ಕಾರಣವನ್ನು ಹುಡುಕಹೊರಟೆನು.

ಮೊದಲು ತತ್ತ್ವವನ್ನು ತಿಳಿಯೋಣ. ತೆರೆಯ ಮೇಲೆ ಓಡುವ ದೃಶ್ಯವು ನಿಶ್ಚಲ ಚಿತ್ರಗಳ ಸಾಲು. ಸೆಕೆಂಡಿಗೆ ೬೦ ಚಿತ್ರಗಳು ಬೇಕಾದರೆ ಒಂದೊಂದಕ್ಕೂ ದೊರೆಯುವ ಕಾಲ ಸುಮಾರು ೧೬.೭ ಮಿಲಿಸೆಕೆಂಡು, ೩೦ ಸಾಕೆಂದರೆ ೩೩.೩. ಅಷ್ಟರೊಳಗೆ ಪ್ರೊಸೆಸರು ಲೆಕ್ಕ ಮುಗಿಸಬೇಕು, ಗ್ರಾಫಿಕ್ಸ್ ಘಟಕವು ಚಿತ್ರ ಬರೆಯಬೇಕು, ರ‍್ಯಾಮು ಸಾಮಗ್ರಿ ಒದಗಿಸಬೇಕು. ಜೋಡೆತ್ತಿನ ಬಂಡಿಯಲ್ಲಿ ಒಂದು ಎತ್ತು ಕುಂಟಿದರೆ ಬಂಡಿಯೇ ನಿಧಾನವಾಗುವುದಷ್ಟೆ! ಕುಂಟುವ ಎತ್ತು ಯಾವುದೆಂದು ಮೊದಲು ಗುರುತಿಸಬೇಕು. ವಿಂಡೋಸಿನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ತೆರೆಯುವ ಟಾಸ್ಕ್ ಮ್ಯಾನೇಜರು, ಯಾವ ಭಾಗ ಎಷ್ಟು ದುಡಿಯುತ್ತಿದೆಯೆಂಬುದನ್ನು ತೋರಿಸುತ್ತದೆ.

೧. ಶಾಖ: ಉಷ್ಣತೆಯು ೧೦೦ ಡಿಗ್ರಿ ಸೆಲ್ಸಿಯಸ್ಸಿನ ಸಮೀಪಕ್ಕೆ ಏರಿದಾಗ ಪ್ರೊಸೆಸರು ಆತ್ಮರಕ್ಷಣೆಗಾಗಿ ತಾನೇ ವೇಗವನ್ನು ತಗ್ಗಿಸುತ್ತದೆ. ಮೊದಲು ಚೆನ್ನಾಗಿ ಓಡಿ ಆಮೇಲೆ ಕುಂಟುವ ಯಂತ್ರಕ್ಕೆ ಬಹುಮಟ್ಟಿಗೆ ಇದೇ ರೋಗ. ನಾನು ಹಾಸಿಗೆಯ ಮೇಲಿಟ್ಟು ಆಡುತ್ತಿದ್ದೆನಾದ್ದರಿಂದ ಅಡಿಯ ಗಾಳಿಕಿಂಡಿಗಳು ಮುಚ್ಚಿಹೋಗುತ್ತಿದ್ದುವು. ಹಾಸಿಗೆಯಿದ್ದಷ್ಟು ಕಾಲು ಚಾಚಬಹುದು. ಲ್ಯಾಪ್‌ಟಾಪನ್ನು ಮಾತ್ರ ಅದರ ಮೇಲಿಡಬಾರದು! ಮೇಜಿನ ಮೇಲಿರಿಸಿ, ಕಿಂಡಿಗಳು ಮುಚ್ಚದಂತೆ ಹಿಂದಿನ ಎರಡು ಮೂಲೆಗಳಿಗೆ ಅರ್ಥಶಾಸ್ತ್ರದ ಪುಸ್ತಕಗಳನ್ನು ಆಸರೆ ಕೊಟ್ಟೆನು, ಅಧ್ಯಾಪಕರು ಕ್ಷಮಿಸಬೇಕು. ಫ್ಯಾನಿನ ಧೂಳನ್ನೂ ತೆಗೆಸಿದೆನು. ಬ್ಯಾಟರಿಯ ಮೇಲೆ ನಡೆಯುವಾಗ ಅನೇಕ ಲ್ಯಾಪ್‌ಟಾಪುಗಳು ವೇಗ ತಗ್ಗಿಸುವುದರಿಂದ ಆಡುವಾಗ ಚಾರ್ಜರು ಜೋಡಿಸಿರುವುದು ಲೇಸು.

೨. ರ‍್ಯಾಮು: ಅಗ್ಗದ ಲ್ಯಾಪ್‌ಟಾಪುಗಳಲ್ಲಿ ಗ್ರಾಫಿಕ್ಸ್ ಘಟಕಕ್ಕೆ ಸಾಮಾನ್ಯವಾಗಿ ಸ್ವಂತ ಸ್ಮೃತಿಯಿರುವುದಿಲ್ಲ, ಅದೂ ರ‍್ಯಾಮಿನಲ್ಲಿಯೇ ಪಾಲು ಪಡೆಯುತ್ತದೆ. ಡಿಡಿಆರ್೪–೩೨೦೦ ಜಾತಿಯ ಒಂದು ರ‍್ಯಾಮ್ ಹಲಗೆಯು ಸೆಕೆಂಡಿಗೆ ಗರಿಷ್ಠ ೨೫.೬ ಗಿಗಾಬೈಟು ಸಾಗಿಸಬಲ್ಲದು. ಎರಡು ಹಲಗೆಗಳು ಜೋಡಿಯಾಗಿ ದುಡಿದರೆ ೫೧.೨. ಕಣಜಕ್ಕೆ ಎರಡನೆಯ ಬಾಗಿಲಿಟ್ಟಂತೆ! ಹಣ ಖರ್ಚು ಮಾಡುವುದಾದರೆ ಇದಕ್ಕೆ ಮಾಡಬೇಕು. ಆದರೆ ಎಲ್ಲ ಯಂತ್ರಗಳಲ್ಲಿಯೂ ಎರಡನೆಯ ಹಲಗೆಗೆ ಸ್ಥಳವಿರುವುದಿಲ್ಲ, ವಿಚಾರಿಸಿಯೇ ಕೊಳ್ಳತಕ್ಕದ್ದು.

೩. ಚಿತ್ರಬಿಂದುಗಳು: ೧೯೨೦×೧೦೮೦ ಅಳತೆಯ ಚಿತ್ರದಲ್ಲಿ ೨೦,೭೩,೬೦೦ ಬಿಂದುಗಳಿವೆ, ೧೨೮೦×೭೨೦ರಲ್ಲಿ ೯,೨೧,೬೦೦ ಮಾತ್ರ. ಅಳತೆಯನ್ನು ಹೀಗೆ ಇಳಿಸಿ, ನೆರಳುಗಳ ಸೊಗಸನ್ನೂ ಕಡಮೆ ಮಾಡಿದರೆ ಗ್ರಾಫಿಕ್ಸ್ ಘಟಕದ ಹೊರೆ ಬಹಳ ಇಳಿಯುತ್ತದೆ. ಚಿಕ್ಕ ಚಿತ್ರ ಬರೆದು ಹಿಗ್ಗಿಸಿ ತೋರಿಸುವ, ೨೦೨೧ರಲ್ಲಿ ಎಎಂಡಿ ಸಂಸ್ಥೆ ಹೊರತಂದ ಎಫ್‌ಎಸ್‌ಆರ್ ಎಂಬ ಉಪಾಯವೂ ಹಲವು ಆಟಗಳಲ್ಲಿದೆ. ಆದರೆ ಕುಂಟುತ್ತಿರುವುದು ಪ್ರೊಸೆಸರಾದರೆ ಇವುಗಳಿಂದ ಹೆಚ್ಚಿನ ಫಲವಿಲ್ಲ.

ಇನ್ನು ಕೆಲವು ಭ್ರಮೆಗಳು. ಹಳೆಯ ಹಾರ್ಡ್ ಡಿಸ್ಕಿನ ಬದಲು ಎಸ್‌ಎಸ್‌ಡಿ ಹಾಕಿದರೆ ಆಟ ಬೇಗ ತೆರೆಯುತ್ತದೆ. ಸೆಕೆಂಡಿನ ಚಿತ್ರಸಂಖ್ಯೆ ಅಷ್ಟಾಗಿ ಏರದು. ವೇಗ ಹೆಚ್ಚಿಸುವುದಾಗಿ ಹೇಳಿಕೊಳ್ಳುವ ತಂತ್ರಾಂಶಗಳು ಇಲ್ಲದ ಬಲವನ್ನು ತಂದುಕೊಡಲಾರವು. ಬೇಡದ ಬ್ರೌಸರನ್ನು ಮುಚ್ಚುವುದು ನಾವೇ ಮಾಡಬಹುದಾದ ಕೆಲಸ.

ನನ್ನ ಯಂತ್ರಕ್ಕೆ ಹೊಸ ಭಾಗವೊಂದೂ ಬೇಕಾಗಲಿಲ್ಲ. ಈಗ ಆಟ ನೆಟ್ಟಗೆ ಸಾಗುತ್ತದೆ. ಪಾಠದ ಕೆಲಸಕ್ಕೂ ಅದೇ ಆಗಿಬರುತ್ತಿದೆ. ಯಂತ್ರವನ್ನು ಹಳಿಯುವ ಮುನ್ನ ಅದರ ಕಷ್ಟವೇನೆಂದು ವಿಚಾರಿಸಬೇಕೆಂಬುದೇ ನಾನು ಕಲಿತ ಪಾಠ. ಆ ಲ್ಯಾಪ್‌ಟಾಪು ಚೆನ್ನಾಗಿದೆಯೇ ಎಂದು ತಂದೆಯವರು ಮೊನ್ನೆ ಕೇಳಿದಾಗ, ಚೆನ್ನಾಗಿದೆಯೆಂದು ಸಂಕೋಚವಿಲ್ಲದೆ ಹೇಳಿದೆನು.